ಶಾರ್ಟ್‌ಕಟ್ ಮೇಡಂ

“ಏ, ಗ್ಯಾಸ್ ಆಫ್ ಮಾಡಿದ್ಯೇನೇ? ಮಾಡಿದ್ಯಾ? ಹೋಗ್ಲಿ, ಫೋಟೋ ನೋಡು.”

ಪ್ರೇಯರ್ ಮುಗಿದು, ಮಕ್ಕಳೆಲ್ಲ ಕ್ಲಾಸು ಸೇರಿ, ಕಾರಿಡಾರ್ ಇನ್ನೇನು ಸದ್ದಡಗಬೇಕು ಅನ್ನುವಷ್ಟರಲ್ಲಿ ನಮ್ಮ ಸ್ಕೂಲಿನ ಆಫೀಸು ರೂಮಿನಿಂದ ಈ ದನಿ ಏಳುತ್ತಿತ್ತು. ಗಟ್ಟಿ ದನಿ, ಸ್ವಲ್ಪ ಒಡಕು. ಅದರ ಹಿಂದೆ ಎಲ್ಲೋ ಕುಕ್ಕರಿನ ಸೀಟಿ. ಮೊದಲ ಸಲ ಕೇಳಿದಾಗ ಆಫೀಸ್ ಮೇಡಂ ಆಯಾಳನ್ನು ಬೈಯುತ್ತಿದ್ದಾರೆ ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಅವರು ಬಾಯಿ ಮುಚ್ಚಿಕೊಂಡು ಟೈಪ್ ಮಾಡುತ್ತಾ ಕೂತಿದ್ದರು. ಬೈಯುತ್ತಿದ್ದದ್ದು ಟೇಬಲ್ಲಿನ ಮೇಲಿದ್ದ ಮೊಬೈಲು. ಎಲ್ಲರೂ ಅಲಾರಮ್ಮಿಗೆ ಹಾಡೋ ಹಕ್ಕಿಯ ಕೂಗೋ ಇಟ್ಟುಕೊಂಡರೆ, ಇವರು ಮನೆಯ ಅಡಿಗೆಮನೆಯಲ್ಲಿ ನಿಂತು ತಮ್ಮದೇ ದನಿಯನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರು.

“ಹಾಡು ಇಟ್ರೆ ಯಾಕೆ ಹೊಡ್ಕೊಂತಪ್ಪಾ ಅಂತ ಮತ್ತೆ ಯೋಚ್ನೆ ಮಾಡ್ಬೇಕು ಮಿಸ್,” ಅಂದರು, ಕಣ್ಣು ಸ್ಕ್ರೀನಿನಿಂದ ತೆಗೆಯದೆ. “ಹಿಂಗಾದ್ರೆ ಏನು ಮಾಡ್ಬೇಕು ಅಂತ ಅದೇ ಹೇಳ್ಬಿಡುತ್ತೆ. ಅದೂ ಬೈದು ಹೇಳ್ಬೇಕು. ಮರ್ಯಾದೆಯಾಗಿ ಹೇಳಿದ್ರೆ ನಮ್ಮನೇಲಿ ಯಾರೂ ಯಾವತ್ತೂ ಕೇಳಿಲ್ಲ, ನಾನೂ ಕೇಳಲ್ಲ.”

ಆಮೇಲೆ ತಮ್ಮ ಫೋನು ತೆಗೆದು ಫೋಟೋಗಳನ್ನು ತೋರಿಸಿದರು. ಒಲೆಯ ಗುಬುಟುಗಳು, ಸಿಲಿಂಡರಿನ ಕೀಲಿ, ಬಾಗಿಲಿನ ಬೀಗ. ದಿನಾ ಬೆಳಿಗ್ಗೆ ಹೊರಡುವಾಗ ಒಂದೊಂದು ಫೋಟೋ. ಕೆಸರೆಯಿಂದ ಬಸ್ಸು ಹತ್ತಿ ಅರ್ಧ ದಾರಿ ಬಂದಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಎದೆ ಡವಡವ ಅನ್ನುವ ಕಾಯಿಲೆ ಯಾರಿಗಿಲ್ಲ ಹೇಳಿ? ನನಗಂತೂ ಇತ್ತು. ಅವತ್ತಿನಿಂದ ನಾನೂ ಫೋಟೋ ತೆಗೆಯಲು ಶುರುಮಾಡಿದೆ. ಇವತ್ತೂ ತೆಗೆಯುತ್ತೇನೆ. ನನ್ನ ಫೋನಿನ ಗ್ಯಾಲರಿಯಲ್ಲಿ ಮೊಮ್ಮಕ್ಕಳಿಗಿಂತ ಬೀಗಗಳೇ ಜಾಸ್ತಿ.

ಕಳೆದ ತಿಂಗಳು ಸ್ಟಾಫಿನ ವಾಟ್ಸಾಪ್ ಗ್ರೂಪಿನಲ್ಲಿ ಅವರ ಚಿತ್ರ ಬಂತು, ಸುತ್ತ ಹೂವಿನ ಬಾರ್ಡರಿನೊಂದಿಗೆ. ಕೆಳಗೆ ಸಾಲಾಗಿ ಕೈಮುಗಿದ ಗುರುತುಗಳು. ನನಗೆ ಆ ಗುರುತು ಒತ್ತಲು ಬೆರಳು ಬರಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನೋಟೀಸಿನ ಕೆಳಗೆ ಕೂಡ ಅವರು ಯಾವತ್ತೂ ತಮ್ಮ ಹೆಸರು ಹಾಕಿದವರಲ್ಲ, “ಹಾಕಿದ್ರೆ ನಾಳೆ ಯಾರಾದ್ರೂ ಸರ್ಚ್ ಹೊಡೀತಾರೆ ಕಣ್ರೀ, ನಾನ್ಯಾಕೆ ಸಿಗ್ಲಿ?” ಅನ್ನುತ್ತಿದ್ದರು.

ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾವೆಲ್ಲ ಸ್ಮಾರ್ಟ್‌ನೆಸ್ ಅಂತ ಮೆಚ್ಚಿಕೊಂಡು ಕಲಿತ ಆ ಉಪಾಯಗಳು ಅವರಿಗೆ ಕೊನೆಕೊನೆಗೆ ಊರುಗೋಲಾಗಿದ್ದವು. ಅವರ ನೆನಪು ಸವೆಯುತ್ತಿತ್ತು. ಅದು ಆಡಳಿತದವರಿಗೆ ಗೊತ್ತಾದರೆ ಕುರ್ಚಿ ಹೋಗುತ್ತಿತ್ತು. ಚಾಮರಾಜಪುರಂನ ಆ ಹಳೇ ಬಿಲ್ಡಿಂಗಿನಲ್ಲಿ, ಪೇರೆಂಟ್ಸ್ ಬಂದು ನಿಲ್ಲುವ ಕಂಬಿ ಕಿಟಕಿಯ ಹಿಂದಿನ ಕುರ್ಚಿ. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ಸ್ ಪ್ರಕಾರ ಕಷ್ಟಪಡದೆ ಮುಗಿಸಿದ ಕೆಲಸ ಕೆಲಸವೇ ಅಲ್ಲ. “ನೋ ಶಾರ್ಟ್‌ಕಟ್ಸ್, ಗರ್ಲ್ಸ್,” ಅಂತ ಒಬ್ಬರು ಮರದ ಸ್ಕೇಲಿನಿಂದ ಡೆಸ್ಕಿಗೆ ಬಡಿಯುತ್ತಿದ್ದರು. ಇಂಗ್ಲಿಷ್ ಮಿಸ್ ಆಗಿ ನಾನೂ ಅದನ್ನೇ ಒಂದು ಜನ್ಮವಿಡೀ ಹೇಳಿದೆ. ರಿಟೈರ್ ಆದಮೇಲೆ ವಾರಕ್ಕೆರಡು ದಿನ ಸ್ಪೋಕನ್ ಇಂಗ್ಲಿಷ್ ಪಾಠಕ್ಕೆಂದು ಈ ಸ್ಕೂಲಿಗೆ ಬಂದಾಗ ಮಾರ್ಕ್ಸನ್ನು ಕಂಪ್ಯೂಟರಿಗೆ ನಾವೇ ಹಾಕಬೇಕು ಅಂದರು. ಒಂದು ಇಡೀ ಕ್ಲಾಸಿನ ಮಾರ್ಕ್ಸ್ ಹಾಕಿ, ಏನೋ ಒತ್ತಿದೆ, ಎಲ್ಲವೂ ಮಾಯ. ಬಿಳೀ ಹಾಳೆ.

“ಓ ಮೈ ಗಾಡ್!” ಅಂತ ಕೂಗಿದೆ.

“ಏನೂ ಮುಟ್ಬೇಡಿ! ಕೈ ಮೇಲಕ್ಕೆ ಎತ್ತಿ!” ಆಚೆ ಟೇಬಲ್ಲಿನಿಂದ ಪೊಲೀಸಿನವರ ಹಾಗೆ ಆರ್ಡರ್ ಬಂತು. ನಾನು ನಿಜವಾಗಲೂ ಎರಡೂ ಕೈ ಎತ್ತಿದೆ. ಅವರು ಬಂದು, ನನ್ನ ಭುಜದ ಮೇಲಿಂದ ಬಾಗಿ, ಎಡಗೈಯ ಎರಡು ಬೆರಳಿನಿಂದ ಕಂಟ್ರೋಲ್ ಮತ್ತು ಝಡ್ ಒತ್ತಿದರು. ಹಿಂದೆ ಟೈಪ್‌ರೈಟರ್ ಕಲಿತ ಕೈ, ಕೀಲಿಗಳನ್ನು ಮುಟ್ಟುತ್ತಿರಲಿಲ್ಲ, ಕುಟ್ಟುತ್ತಿತ್ತು. ಮಾರ್ಕ್ಸೆಲ್ಲ ಬಂದು ಕೂತವು.

“ಎಲ್ಲಿಗೆ ಹೋಗಿತ್ತು ಇದು?” ಅಂದೆ.

“ಎಲ್ಲೂ ಹೋಗಿರ್ಲಿಲ್ಲ ಮಿಸ್. ಹೋಯ್ತು ಅಂತ ಹೆದರಿ ಇನ್ನೇನೋ ಒತ್ತುತ್ತೀರಲ್ಲ, ಹೋಗೋದು ಆವಾಗ.”

ಹೀಗೆ ಅವರು ನನ್ನನ್ನು ಶಿಷ್ಯೆಯಾಗಿ ತೆಗೆದುಕೊಂಡರು. ಕಲಿಸುವ ತಾಳ್ಮೆ ಅವರಿಗೇನೂ ಇರಲಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ನೇರವಾಗಿ ಮಾಡಬಹುದಾದ ಕೆಲಸಕ್ಕೆ ಯಾರಾದರೂ ಸುತ್ತುಹಾಕುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಕಂಪ್ಯೂಟರಿನ ಹಿಂದಿನ ವೈರುಗಳನ್ನು ಕೀಳುವ ಮೊದಲು ಒಂದು ಫೋಟೋ, ಮತ್ತೆ ಎಲ್ಲಿ ಯಾವುದು ಅಂತ ತಡಕಾಡಬಾರದು. ಬೋರ್ಡಿನ ಮೇಲಿನ ಟೈಮ್‌ಟೇಬಲ್ಲನ್ನು ಬರೆದುಕೊಳ್ಳುವುದು ಯಾಕೆ, ಫೋಟೋ. ಎರಡೇ ಅಕ್ಷರ ಹೊಡೆದರೆ ‘ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಅಂತ ಇಡೀ ಸಾಲು ತಾನೇ ಮೂಡುವ ಹಾಗೆ ಮಾಡಿಟ್ಟಿದ್ದರು. “ಈ ಸಾಲನ್ನ ನನ್ನ ಸರ್ವಿಸಿನಲ್ಲಿ ಎಷ್ಟು ಸಲ ಹೊಡೆದಿದ್ದೀನೋ! ಯಾರ ಗಮನಕ್ಕೂ ಏನೂ ಬಂದಿಲ್ಲ,” ಅಂದು ನಕ್ಕಿದ್ದರು.

ನಮ್ಮ ಕನ್ನಡ ಮೇಷ್ಟ್ರಿಗೆ ಅವರನ್ನು ಕೆಣಕದಿದ್ದರೆ ಊಟ ಸೇರುತ್ತಿರಲಿಲ್ಲ. ಶಾರ್ಟ್‌ಕಟ್ ಮೇಡಂ ಅಂತ ಹೆಸರಿಟ್ಟವರೂ ಅವರೇ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, “ಏನ್ ಮೇಡಂ, ಊಟಕ್ಕೊಂದು ಶಾರ್ಟ್‌ಕಟ್ ಇಲ್ವಾ?” ಅಂದರು.

“ಇದೆಯಲ್ಲ ಸಾರ್. ಪಕ್ಕದವರ ಡಬ್ಬಿಗೆ ಕೈ ಹಾಕೋದು. ನಿಮಗೆ ನಾನು ಹೇಳಿಕೊಡ್ಬೇಕಾ?”

ಮೇಷ್ಟ್ರು ನನ್ನ ಡಬ್ಬಿಯಿಂದ ತೆಗೆದಿದ್ದ ಚಿತ್ರಾನ್ನವನ್ನು ಬಾಯಿಗಿಡುವುದೋ ವಾಪಸ್ ಇಡುವುದೋ ತಿಳಿಯದೆ ಹಾಗೇ ಕೂತರು.

ಇನ್ನೊಂದು ದಿನ ನನ್ನ ಫೋನು ಟಿಂಗ್ ಅಂತು. ಯಾವುದೋ ಗ್ರೂಪಿಗೆ ನನ್ನನ್ನು ಸೇರಿಸಿದ್ದಾರೆ. ನೋಡನೋಡುತ್ತಿದ್ದಂತೆ ತೆಗೆದೂ ಹಾಕಿದ್ದಾರೆ. ಸೇರಿಸಿದವರೂ ತೆಗೆದವರೂ ಆಫೀಸ್ ಮೇಡಂ. ನನಗೆ ಸ್ವಲ್ಪ ಇನ್ಸಲ್ಟ್ ಆಯಿತು. ಹೋಗಿ ಕೇಳಿಯೇ ಬಿಟ್ಟೆ, “ನಾನೇನು ಮಾಡಿದೆ ಅಂತ ಓಡಿಸಿದ್ರಿ?”

“ಅಯ್ಯೋ, ನೀವು ಬೇಕಾಗಿರ್ಲಿಲ್ಲ ಮಿಸ್. ಅದು ನಂದೊಬ್ಬಳ್ದೇ ಗ್ರೂಪು. ಸಾಮಾನು, ಕರೆಂಟ್ ಬಿಲ್ಲು, ಯಾರಿಗೆ ಏನು ಹೇಳ್ಬೇಕು, ಎಲ್ಲಾ ನನಗೆ ನಾನೇ ಮೆಸೇಜು ಹಾಕ್ಕೊಳ್ಳೋಕೆ. ಆದ್ರೆ ಒಬ್ಬರೇ ಅಂತ ಶುರು ಮಾಡೋಕೆ ಅದು ಬಿಡ್ಲಿಲ್ಲ. ಯಾರಾದ್ರೂ ಒಬ್ಬರು ಬಂದು ಹೋಗ್ಬೇಕು.”

ಗ್ರೂಪಿನ ಹೆಸರು ‘ನಾನು’ ಅಂತ ಇತ್ತು. ಅವತ್ತು ಇದೊಂದು ಜೋಕ್ ಅಂತ ಎಲ್ಲರಿಗೂ ಹೇಳಿಕೊಂಡು ನಕ್ಕೆ. ಈಗ ಕೆಲವೊಮ್ಮೆ ಕಾಫಿ ಸೋಸುತ್ತಾ ನಿಂತಾಗ ಜ್ಞಾಪಕಕ್ಕೆ ಬರುತ್ತದೆ. ಆ ಗ್ರೂಪಿನೊಳಗೆ ನಾನೂ ಒಂದು ಕ್ಷಣ ಇದ್ದೆ ಅಂತ.

ಮದುವೆಯಾಗಿರಲಿಲ್ಲ. ತಂದೆ ಹಳ್ಳಿಯಿಂದ ಬಂದು ಮಿಲ್ಲಿನಲ್ಲಿದ್ದವರು. ಮಗಳನ್ನು ಟೈಪಿಂಗ್ ಕ್ಲಾಸಿಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದರಂತೆ. ಕೆಸರೆಯ ಮನೆಗೆ ಒಮ್ಮೆ ಹೋಗಿದ್ದೆ. ಮಹಡಿಯ ಮೇಲೆ ಎರಡು ರೂಮು, ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗೆ ನೀಟಾಗಿ ಮಡಿಸಿಟ್ಟ ಪೇಪರುಗಳು. ಗೊಂಬೆ ಕೂರಿಸುವ ಮನೆ ಅದಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸ್ಕೂಲಿನ ದಸರಾ ಗೊಂಬೆಯ ಜವಾಬ್ದಾರಿಯೆಲ್ಲ ಅವರದ್ದೇ ಆಗಿತ್ತು.

ಹೇಗೆ ಅವರ ತಲೆಯ ಮೇಲೆ ಬಂತೋ ಗೊತ್ತಿಲ್ಲ. ಯಾರೋ ಲೀವ್ ಹಾಕಿದ್ದ ಒಂದು ವರ್ಷ ಇವರು ಕೂರಿಸಿದರಂತೆ, ಚೆನ್ನಾಗಿ ಬಂತಂತೆ, ಅಂಟಿಕೊಂಡಿತು. ಆಫೀಸಿನ ಮುಂದಿನ ಹಾಲಿನಲ್ಲಿ ಬೆಂಚುಗಳನ್ನು ಮೆಟ್ಟಿಲು ಮಾಡಿ, ಬಿಳೀ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆ ರಾಜ-ರಾಣಿ, ಕೆಳಗೆ ದೇವರುಗಳು, ಅದರ ಕೆಳಗೆ ಶೆಟ್ಟರ ಅಂಗಡಿ, ಬ್ಯಾಂಡ್‌ಸೆಟ್ಟು, ನೆಲದ ಮೇಲೆ ರಾಗಿ ಪೈರಿನ ಪಾರ್ಕು. ನವರಾತ್ರಿಯಲ್ಲಿ ಪೇರೆಂಟ್ಸ್ ಎಲ್ಲ ಬಂದು ನೋಡುತ್ತಾರೆ. ಅಗ್ರಹಾರದ ಅಜ್ಜಿಯಂದಿರು ಬರುತ್ತಾರೆ. ಅವರ ಕಣ್ಣಿಗೆ ಒಂದು ತಪ್ಪು ಬಿದ್ದರೆ ಅದು ಬರೀ ತಪ್ಪಾಗಿ ಉಳಿಯುವುದಿಲ್ಲ. “ಪಾಪ, ಅವರ ಕಡೆ ಇದೆಲ್ಲ ಇಲ್ವಲ್ಲ, ಹೇಗೆ ಗೊತ್ತಾಗ್ಬೇಕು,” ಅನ್ನುವ ಮಾತಾಗುತ್ತದೆ. ಆ ‘ಪಾಪ’ವನ್ನು ಅವರು ಒಮ್ಮೆ ಎಲ್ಲೋ ಕೇಳಿಸಿಕೊಂಡಿದ್ದಿರಬೇಕು. ಅದಕ್ಕೇ ಪ್ರತಿ ವರ್ಷವೂ ಕೂರಿಸಿ ಮುಗಿಸಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಫೋಟೋ. ಮುಂದಿನ ವರ್ಷ ಫೋಟೋದ ಪ್ರಕಾರ ಕೂರಿಸುವುದು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಆ ವರ್ಷ ನಾನು ಹಾಲಿಗೆ ಬಂದಾಗ ಆಯಾ ಪುಟ್ಟತಾಯಮ್ಮ ಪೆಟ್ಟಿಗೆಗಳನ್ನೆಲ್ಲ ಬೋರಲು ಹಾಕಿಕೊಂಡು ಗೊಂಬೆಗಳಿಗೆ ಸುತ್ತಿದ್ದ ಹುಲ್ಲಿನ ನಡುವೆ ಕೂತಿದ್ದಳು, ಅಳುಮುಖ.

“ಏನೋ ಒಂದು ಕಳೆದದೆ ಅಂತಾರೆ ಮಿಸ್ಸಮ್ಮ. ಕೆಂಪು ಪೆಟ್ಟಿಗೆಯಂತೆ. ನಾನೆಲ್ಲಿಂದ ತರ್ಲಿ? ನಾ ಕಂಡೇ ಇಲ್ಲ ಅಂತೀನಿ, ಕೇಳಾಕಿಲ್ಲ.”

“ಕಂಡಿಲ್ಲ ಅಂದ್ರೆ? ಫೋಟೋದಲ್ಲಿ ಇದೆ!” ಮೇಡಂ ಫೋನನ್ನು ಅವಳ ಮುಖಕ್ಕೆ ಹಿಡಿದರು. ಎರಡು ಬೆರಳಿನಿಂದ ಚಿತ್ರವನ್ನು ಅಗಲ ಮಾಡಿ ತೋರಿಸಿದರು. “ನೋಡು. ಶೆಟ್ಟರ ಅಂಗಡಿ. ಅದರ ಪಕ್ಕ ಕೆಂಪು ಪೆಟ್ಟಿಗೆ, ಉದ್ದಕ್ಕೆ. ಒಳಗೆ ಏನಾದ್ರೂ ಇತ್ತೋ ಏನೋ. ಇಷ್ಟು ವರ್ಷ ಒಂದು ಸಾಮಾನೂ ಕಳೆದಿಲ್ಲ ನನ್ನ ಕೈಲಿ.”

ನಾನು ಬಗ್ಗಿ ನೋಡಿದೆ. ಶೆಟ್ಟರು, ಶೆಟ್ಟರ ಹೆಂಡತಿ, ಅವರ ಮುಂದೆ ಬೇಳೆಯ ಪುಟ್ಟ ಗುಡ್ಡೆಗಳು. ಪಕ್ಕದಲ್ಲಿ ಮೆಟ್ಟಿಲಿನ ಅಂಚಿಗೆ ಸರಿಯಾಗಿ ಇಟ್ಟ ಹಾಗೆ, ನನ್ನ ಕನ್ನಡಕದ ಡಬ್ಬಿ.

ಹಿಂದಿನ ವರ್ಷ ರಾಣಿಗೆ ಸೀರೆ ಉಡಿಸುವಾಗ ಪಿನ್ನು ಕಾಣಿಸದೆ ಕನ್ನಡಕ ಹಾಕಿಕೊಂಡು, ಡಬ್ಬಿಯನ್ನು ಅಲ್ಲೇ ಇಟ್ಟು ಮರೆತಿದ್ದೆ. ಸಾಯಂಕಾಲ ಡಬ್ಬಿಯನ್ನು ತಂದುಕೊಟ್ಟವರು ಇದೇ ಮೇಡಂ. “ಮಿಸ್, ಇದಕ್ಕೂ ಒಂದು ಆರತಿ ಎತ್ತಿಬಿಟ್ವಿ, ತಗೊಳ್ಳಿ,” ಅಂತ ತಮಾಷೆ ಮಾಡಿದ್ದರು. ಆ ತಮಾಷೆ ನನಗೆ ನೆನಪಿತ್ತು. ಅವರ ಮುಖ ನೋಡಿದೆ. ಅಲ್ಲಿ ಇರಲಿಲ್ಲ.

ಅಷ್ಟರಲ್ಲಿ ಕನ್ನಡ ಮೇಷ್ಟ್ರು ಬಂದು ಇಣುಕುತ್ತಿದ್ದರು. “ಏನಂತೆ, ನಿಧಿ ಕಳೆದಿದೆಯಾ?”

ನಾನು ಬ್ಯಾಗಿನಿಂದ ಡಬ್ಬಿ ತೆಗೆದೆ. ಒಳಗಿದ್ದ ಕನ್ನಡಕವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡೆ. “ಇಲ್ಲೇ ಬಿದ್ದಿತ್ತು ನೋಡಿ, ಬೆಂಚಿನ ಕೆಳಗೆ,” ಅಂದೆ.

ಅವರ ಮುಖ ಬಿಚ್ಚಿಕೊಂಡ ರೀತಿ! ಡಬ್ಬಿ ಇಸಕೊಂಡು, ಸೆರಗಿನಿಂದ ಧೂಳು ಒರೆಸಿ, ಫೋಟೋ ನೋಡಿ, ಶೆಟ್ಟರ ಪಕ್ಕದಲ್ಲಿ ಇಟ್ಟು, ಮತ್ತೆ ಫೋಟೋ ನೋಡಿ, ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದರು. “ಈಗ ಸರಿಹೋಯ್ತು.” ಪುಟ್ಟತಾಯಮ್ಮ ನನ್ನ ಬ್ಯಾಗನ್ನೂ ನನ್ನನ್ನೂ ನೋಡಿದಳು. ಆಮೇಲೆ ಹುಲ್ಲು ಬಳಿಯತೊಡಗಿದಳು.

ಆ ನವರಾತ್ರಿಯಿಡೀ ನಾನು ಕರ್ಚೀಫಿನ ಕನ್ನಡಕದವಳಾಗಿ ಓಡಾಡಿದೆ. ಗೊಂಬೆ ನೋಡಲು ಬಂದ ಒಬ್ಬ ಅಜ್ಜಿ, “ಇದೇನಮ್ಮ ಕೆಂಪಗೆ?” ಅಂತ ಕೇಳಿದ್ದಕ್ಕೆ ಮೇಡಂ ಸ್ವಲ್ಪವೂ ತಡವರಿಸದೆ, “ಶೆಟ್ಟರ ಗಲ್ಲಾಪೆಟ್ಟಿಗೆ,” ಅಂದರು. ಅಜ್ಜಿ ತಲೆದೂಗಿದರು. ನನಗೆ ನಗು ಬಂತು. ಆಮೇಲೆ ಮನೆಗೆ ನಡೆದು ಹೋಗುವಾಗ ಆ ನಗು ಉಳಿದಿರಲಿಲ್ಲ.

ರಜೆ ಮುಗಿದು ಸ್ಕೂಲು ತೆರೆದ ದಿನ ಅವರು ನನ್ನನ್ನು ಆಫೀಸಿಗೆ ಕರೆದರು. ಟೇಬಲ್ಲಿನ ಮೇಲೆ ಡಬ್ಬಿ.

“ಇದು ನಿಮ್ದು.”

“ಹೌದಾ?” ಅಂದೆ.

“ನಾಟಕ ಬೇಡ ಮಿಸ್. ಅದರ ಹಿಂದಿನ ವರ್ಷದ ಫೋಟೋ ತೆಗೆದು ನೋಡ್ದೆ. ಅದ್ರಲ್ಲಿಲ್ಲ. ಅದರ ಹಿಂದಿನದ್ರಲ್ಲೂ ಇಲ್ಲ. ಒಂದೇ ಒಂದು ವರ್ಷ ಬಂದಿದೆ. ಆಮೇಲೆ ನಿಮ್ಮ ಕರ್ಚೀಫು ನೋಡ್ದೆ.” ಡಬ್ಬಿಯನ್ನು ನನ್ನ ಕಡೆ ತಳ್ಳಿದರು. “ಯಾಕೆ ಹೇಳ್ಲಿಲ್ಲ?”

“ಅಲ್ಲಿ ಚೆನ್ನಾಗಿ ಕಾಣ್ತಿತ್ತು.”

ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಗಲ್ಲಾಪೆಟ್ಟಿಗೆ ಅಂದ್ನಲ್ಲ, ಅಂದು ಮತ್ತೆ ನಕ್ಕರು. ನಗು ನಿಂತಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಹೋಗ್ತಾ ಅದೆ ಮಿಸ್. ಎಲ್ಲಿಗೆ ಹೋಗ್ತದೋ ಗೊತ್ತಿಲ್ಲ. ಡಾಕ್ಟ್ರಿಗೆ ತೋರ್ಸಿದ್ದೀನಿ. ಮಾತ್ರೆ ಕೊಟ್ಟವ್ರೆ. ಮಾತ್ರೆಗೊಂದು ಅಲಾರಂ ಇಟ್ಟಿವ್ನಿ.”

ಅಷ್ಟು ವರ್ಷದಲ್ಲಿ ಅವರು ಆಫೀಸಿನಲ್ಲಿ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಿಟಕಿಯ ಆಚೆಯವರಿಗೆ ಅಂತ ಅವರು ಒಂದು ಕನ್ನಡ ಇಟ್ಟುಕೊಂಡಿದ್ದರು, ಇಸ್ತ್ರಿ ಮಾಡಿದ್ದು. ಇದು ಮನೆಯದು, ತಂದೆಯ ಸೈಕಲ್ಲಿನ ಹಿಂದೆ ಕೂತವಳದು.

“ಇಲ್ಲಿ ಕೂತಿರೋಗಂಟ ಸರಿಯಾಗಿರ್ತೀನಿ,” ಅಂದರು. “ತಲೇಗೆ ಗೊತ್ತಿಲ್ದಿದ್ರೂ ಕೈಗೆ ಗೊತ್ತಿರ್ತದೆ. ಟೀಸಿ ಕೊಡಿ ಅಂದ್ರೆ ಕೈಯೇ ಹೋಗಿ ಒತ್ತುತ್ತದೆ. ಮನೇಲಿ ಕೂತ್ರೆ ಕೈಗೇನು ಕೆಲಸ? ಒಂದೇ ಸಲಕ್ಕೆ ಎಲ್ಲಾ ಹೊಂಟೋಗ್ಬುಡ್ತದೆ. ಈ ಕುರ್ಚಿ ಒಂದು ಇರ್ಲಿ ನಂಗೆ.”

ನಾನು ಯಾರಿಗೂ ಹೇಳುವುದಿಲ್ಲ ಅಂದೆ. ಹೇಳಲಿಲ್ಲ.

ಅದಾದ ಮೇಲೆ ಅವರ ಒಂದೊಂದು ಉಪಾಯವೂ ನನಗೆ ಬೇರೆ ಥರ ಕಾಣತೊಡಗಿತು. ಫೋನ್ ನಂಬರುಗಳನ್ನು ಅವರು ಸೇವ್ ಮಾಡಿದ್ದ ರೀತಿ ನೋಡಿ ಹಿಂದೆ ನಕ್ಕಿದ್ದೆವು: ‘ವ್ಯಾನು, ಬಿಳೀ ಮೀಸೆ, ಕಿವಿ ಕೇಳಲ್ಲ, ಕೂಗಿ ಹೇಳು’. ‘ಸೆಕ್ರೆಟರಿ ಸಾರ್, ಹೊಸಬರು, ಹಳಬರ ಮಗ’. ಎಷ್ಟು ಫನ್ನಿ ಅಂದುಕೊಂಡಿದ್ದೆ. ಈಗ ಪ್ರತಿಯೊಂದೂ ಕತ್ತಲಲ್ಲಿ ಗೋಡೆ ಮುಟ್ಟಿಕೊಂಡು ನಡೆಯುವವರ ಕೈಯ ಹಾಗೆ ಕಾಣುತ್ತಿತ್ತು.

ಆ ಹೊಸ ಸೆಕ್ರೆಟರಿ ಒಳ್ಳೆಯ ಮನುಷ್ಯ. ಒಳ್ಳೆಯದು ಮಾಡುತ್ತೇನೆ ಅಂದುಕೊಂಡೇ ಎಲ್ಲವನ್ನೂ ಮಾಡಿದ. ಮೇಡಂ ಇಷ್ಟು ಟ್ರಿಕ್ಸ್ ಗೊತ್ತಿದ್ದವರು, ಸ್ಟಾಫಿಗೆಲ್ಲ ಒಂದು ಕ್ಲಾಸ್ ತೆಗೆದುಕೊಳ್ಳಲಿ ಅಂದ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಎಲ್ಲರೂ ಕೂತೆವು. ಅವರು ಮಾವಿನೆಲೆ ಹಸಿರಿನ ಸೀರೆ ಉಟ್ಟು ಬಂದಿದ್ದರು. ಶುರು ಚೆನ್ನಾಗಿತ್ತು. ದೊಡ್ಡ ಫೈಲಿನಲ್ಲಿ ಒಂದು ಮಗುವಿನ ಹೆಸರನ್ನು ಹೇಗೆ ಹುಡುಕುವುದು ಅಂತ ತೋರಿಸಿದರು. ಕಂಟ್ರೋಲ್, ಎಫ್, ಹೆಸರು, ಎಂಟರ್. ಎಲ್ಲರೂ ಓಹೋ ಅಂದರು. ಅವರಿಗೆ ಖುಷಿಯಾಯಿತು. ನೀರು ಕುಡಿದರು. ಗ್ಲಾಸು ಇಟ್ಟು, “ಈಗ ನೋಡಿ, ದೊಡ್ಡ ಫೈಲಿನಲ್ಲಿ ಒಂದು ಮಗು ಹೆಸರು ಹುಡುಕಬೇಕು ಅಂತಿಟ್ಕೊಳ್ಳಿ,” ಅಂದರು.

ಕನ್ನಡ ಮೇಷ್ಟ್ರು ಪಕ್ಕದವರಿಗೆ “ರೀಪ್ಲೇ,” ಅಂದದ್ದು ನನಗೆ ಕೇಳಿಸಿತು. ಸೆಕ್ರೆಟರಿ ತಲೆಯೆತ್ತಿದ.

ನಾನು ಕೈ ಎತ್ತಿದೆ. “ಥ್ಯಾಂಕ್ ಯೂ ಮೇಡಂ. ನಾನೇ ಇನ್ನೊಂದ್ಸಲ ತೋರಿಸಿ ಅಂತ ಕಣ್ಸನ್ನೆ ಮಾಡಿದ್ದು. ಐ ಆಮ್ ವೆರಿ ಸ್ಲೋ, ನಿಮಗೆಲ್ಲ ಗೊತ್ತಲ್ಲ.”

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. “ಮಿಸ್ಸಿಗೆ ಇಂಪೊಸಿಷನ್ ಕೊಡಿ ಮೇಡಂ!” ಅಂದರು ಮೇಷ್ಟ್ರು. ಮೇಡಂ ಎರಡನೇ ಸಲ ಪೂರ್ತಿ ತೋರಿಸಿದರು. ಆಮೇಲೆ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದರಲ್ಲಿ ಥ್ಯಾಂಕ್ಸ್ ಇರಲಿಲ್ಲ. ದಿಗಿಲಿತ್ತು. ತಾನು ಏನು ಮಾಡಿದೆ ಅಂತ ನನ್ನ ಮುಖದಲ್ಲಿ ಹುಡುಕುತ್ತಿದ್ದರು.

ಕ್ಲಾಸು ಸಕ್ಸೆಸ್ ಅಂತಲೇ ಆಯಿತು. ಬಹುಶಃ ಅದಕ್ಕೇ ಬೇಸಿಗೆ ರಜೆಯಲ್ಲಿ ಸೆಕ್ರೆಟರಿ ಹಳೇ ಕಂಪ್ಯೂಟರುಗಳನ್ನೆಲ್ಲ ತೆಗೆಸಿ ಹೊಸದು ಹಾಕಿಸಿದ. ಹೊಸ ಸಾಫ್ಟ್‌ವೇರು, ಎಲ್ಲವೂ ಇಂಟರ್ನೆಟ್ಟಿನಲ್ಲಿ. “ಮೇಡಂಗೆ ಸರ್‌ಪ್ರೈಸ್,” ಅಂದನಂತೆ.

ಜೂನಿನಲ್ಲಿ ಸ್ಕೂಲು ತೆರೆದ ದಿನ ನಾನು ಅಲ್ಲೇ ಇದ್ದೆ. ಕಿಟಕಿಯಲ್ಲಿ ಒಬ್ಬ ತಾಯಿ ಟೀಸಿ ಬೇಕು ಅಂದಳು. ಮೇಡಂ ಕೂತರು, ಕೈ ತಾನೇ ಹೋಗಿ ಎರಡು ಕೀಲಿ ಕುಟ್ಟಿತು. ಏನೂ ಆಗಲಿಲ್ಲ. ಮತ್ತೆ ಕುಟ್ಟಿದರು. ಸ್ಕ್ರೀನಿನಲ್ಲಿ ಬಣ್ಣಬಣ್ಣದ ಚೌಕಗಳು ಸುಮ್ಮನೆ ಕೂತಿದ್ದವು. “ಮೇಡಂ, ಈಗ ಅದು ಹಂಗಲ್ಲ, ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇಲ್ಲಿ,” ಅಂತ ಸೆಕ್ರೆಟರಿ ಪಕ್ಕದಲ್ಲಿ ನಿಂತು ತಾಳ್ಮೆಯಿಂದ ತೋರಿಸಿದ. ಅವರು ಹಾಗೇ ಮಾಡಿದರು. ಇನ್ನೊಬ್ಬರು ಬಂದರು. ಮತ್ತೆ ಕೈ ಹೋಗಿ ಹಳೇ ಕೀಲಿಗಳನ್ನೇ ಕುಟ್ಟಿತು. ಮತ್ತೆ ಅವನು ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಕ್ಯೂ ಗೇಟಿನವರೆಗೆ ಬೆಳೆದಿತ್ತು.

“ನಿಧಾನಕ್ಕೆ ಶಾರ್ಟ್‌ಕಟ್ ಮಾಡ್ಕೋಬಹುದು ಮೇಡಂ, ನಿಮಗೇನು,” ಅಂದೆ, ಸಮಾಧಾನಕ್ಕೆ.

“ಉದ್ದದ ದಾರೀನ ಒಂದ್ಸಲನಾದ್ರೂ ನೆನಪಾಗಿ ನಡೆದಿರ್ಬೇಕಲ್ಲ ಮಿಸ್. ಆಮೇಲೆ ತಾನೆ ಶಾರ್ಟು.”

ಲಾಂಗ್ ಬೆಲ್ ಆಗುವ ಮೊದಲೇ ಎದ್ದರು. ಕೀಬೋರ್ಡನ್ನು ಸೆರಗಿನಿಂದ ಒರೆಸಿದರು. ಹೊಸದು, ಧೂಳೇ ಇರಲಿಲ್ಲ. ಸೆಕ್ರೆಟರಿಯ ರೂಮಿಗೆ ಹೋಗಿ, “ಸಾಕು ಸಾರ್ ನನಗೆ,” ಅಂದರಂತೆ. ಅವನು ಎಷ್ಟೋ ಹೇಳಿದನಂತೆ. ಕಾರಣ ಕೇಳಿದ್ದಕ್ಕೆ ಮಂಡಿನೋವು ಅಂದರಂತೆ.

ಇಲವಾಲದಲ್ಲಿ ತಂಗಿಯ ಮನೆ, ಅಲ್ಲಿಗೆ ಹೋದರು. ಅವರ ಜಾಗಕ್ಕೆ ಒಬ್ಬಳು ಹುಡುಗಿ ಬಂದಳು, ಬಿಕಾಂ ಮುಗಿಸಿದವಳು, ಚುರುಕು. ಬಂದ ಮೊದಲ ವಾರವೇ ಸ್ಟಾಫ್‌ರೂಮಿಗೆ ಓಡಿಬಂದಳು, ಮುಖ ಬಿಳಿಚಿಕೊಂಡಿತ್ತು.

“ಮಿಸ್, ಆ ಡ್ರಾಯರಿಂದ ಯಾರೋ ಮಾತಾಡ್ತಾರೆ!”

ಹೋಗಿ ನಿಂತೆವು. ಡ್ರಾಯರು ಸುಮ್ಮನಿತ್ತು. ಮಾರನೇ ದಿನ ಅದೇ ಹೊತ್ತಿಗೆ ನಾನೇ ಹೋಗಿ ಕೂತೆ. ಮಕ್ಕಳು ಮನೆಗೆ ಹೊರಡಲು ಸ್ವಲ್ಪ ಮುಂಚೆ, ಮುಚ್ಚಿದ ಡ್ರಾಯರಿನೊಳಗಿಂದ, ಕುಕ್ಕರಿನ ಸೀಟಿಯಿಲ್ಲದ, ಗೋಡೆ ಗಡಿಯಾರದ ಟಿಕ್ ಟಿಕ್ ಇದ್ದ ಆ ದನಿ ಬಂತು. “ಏ, ಟೈಮಾಯ್ತು ಕಣೇ. ವ್ಯಾನಿನವ್ರಿಗೆ ಫೋನ್ ಮಾಡು. ಕೂಗಿ ಹೇಳು, ಕಿವಿ ಕೇಳಲ್ಲ.”

ಸ್ಕೂಲಿನ ಮೊಬೈಲು. ಪೇರೆಂಟ್ಸ್ ಕರೆ ಮಾಡಲು ಅಂತ ಇಟ್ಟದ್ದು. ಅದರಲ್ಲೂ ಅವರು ಅಲಾರಂ ಇಟ್ಟು ಹೋಗಿದ್ದರು. ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ತೆಗೆದುಬಿಡಲಾ ಅಂತ ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ಯೋ‌ಚಿಸಿ, “ಇರ್ಲಿ ಬುಡಿ ಮಿಸ್, ನನಗೂ ಜ್ಞಾಪಕ ಆಗುತ್ತೆ,” ಅಂದಳು. ಕೆಲವು ದಿನಗಳ ನಂತರ ಆ ಹೊತ್ತಿಗೆ ನಾನು ಕಾರಿಡಾರಿನಲ್ಲಿ ಹೋಗುತ್ತಿದ್ದೆ. ದನಿ ಬಂತು. ಅದರ ಹಿಂದೆಯೇ ಹುಡುಗಿಯ ದನಿ, ತಲೆಯೆತ್ತದೆ ಕೆಲಸ ಮಾಡುತ್ತಾ ಹೇಳಿದ ಹಾಗೆ: “ಮಾಡ್ದೆ ಮೇಡಂ.” ನಾನು ಗೋಡೆ ಹಿಡಿದುಕೊಂಡು ನಿಂತೆ. ನಾನು ದೆವ್ವಗಳನ್ನು ನಂಬುವವಳಲ್ಲ. ಸಿಸ್ಟರ್ಸ್ ನಮಗೆ ಹೋಲಿ ಘೋಸ್ಟ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಕಲಿಸಲಿಲ್ಲ. ಆದರೂ ಬದುಕಿರುವವರು ಕೂಡ ಹೀಗೆ ಒಂದು ಜಾಗದಲ್ಲಿ ಉಳಿದುಬಿಡಬಹುದು ಅಂತ ನನಗೆ ಅವತ್ತು ಅನ್ನಿಸಿತು.

ಕೊನೆಯ ಸಲ ಅವರನ್ನು ನೋಡಿದ್ದು ಅಡ್ಮಿಷನ್ ಸಮಯದಲ್ಲಿ. ಹಾಲಿನಲ್ಲಿ ಪೇರೆಂಟ್ಸ್ ತುಂಬಿದ್ದರು. ಕಿಟಕಿಯ ಮುಂದಿನ ಉದ್ದ ಬೆಂಚಿನಲ್ಲಿ ಎಲ್ಲರೂ ಒತ್ತಿಕೊಂಡು ಕೂತು, ಒಬ್ಬರು ಎದ್ದರೆ ಎಲ್ಲರೂ ಒಂದು ಜಾಗ ಸರಿಯುತ್ತಿದ್ದರು. ಅವರ ನಡುವೆ ಮೇಡಂ. ತೆಳ್ಳಗಾಗಿದ್ದರು, ಕೂದಲು ಕತ್ತರಿಸಿದ್ದರು. ಗೇಟಿನ ಬಳಿ ತಂಗಿಯ ಮಗಳು ಆಟೋದವನ ಜೊತೆ ಮಾತಾಡುತ್ತಿದ್ದಳು. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರಂತೆ, ಈ ರಸ್ತೆ ಕಂಡ ಕೂಡಲೇ ಇಳಿಸು ಇಳಿಸು ಅಂತ ಹಟ ಮಾಡಿದರಂತೆ.

ನಾನು ಹೋಗಿ ಪಕ್ಕದಲ್ಲಿ, ಕಿಟಕಿಯ ಕಡೆಗೆ, ಇದ್ದ ಸಂದಿಯಲ್ಲಿ ಕೂತೆ. ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

“ನೀವೂ ಅಪ್ಲಿಕೇಷನ್ನಿಗಾ?” ಅಂದರು.

“ಹೂಂ.”

“ಮೊಮ್ಮಗೂಗಾ?”

“ಹೂಂ ಕಣ್ರೀ.”

“ಸೇರ್ಸಿ. ಒಳ್ಳೇ ಸ್ಕೂಲು. ಅಗೋ, ಆ ಮಗ ಕೂತದಲ್ಲ ಒಳಗೆ, ಬಲೇ ಚುರುಕು. ಬೇಗ್ಬೇಗ ಕಳಿಸ್ತದೆ.” ಕಿಟಕಿಯ ಕಂಬಿಗಳ ಹಿಂದೆ ಹುಡುಗಿಯ ಬಗ್ಗಿದ ತಲೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಗೆ ಬಾಗಿದರು. “ಮುಂಚೆ ಒಬ್ರಿದ್ರು ಅಲ್ಲಿ. ಬಾಳ ಸ್ಟ್ರಿಕ್ಟು. ಬೈಯೋರು. ಕೆಲಸ ಮಾತ್ರ ಅಚ್ಚುಕಟ್ಟು. ಈಗ ಕಾಣೆ.”

“ಎಲ್ಲಿಗೆ ಹೋದ್ರು?” ಅಂದೆ. ಯಾಕೆ ಕೇಳಿದೆನೋ.

ಅವರು ಯೋಚಿಸಿದರು. ನಿಜವಾಗಲೂ ಯೋಚಿಸಿದರು, ಹುಬ್ಬು ಗಂಟಿಕ್ಕಿಕೊಂಡು. “ಗೊತ್ತಿಲ್ಲ. ಯಾರ್ನಾರ ಕೇಳ್ಬೇಕು.”

“ನೆಕ್ಸ್ಟ್ ಯಾರು?” ಒಳಗಿಂದ ಹುಡುಗಿ ಕೂಗಿದಳು.

ಅವರು ನನ್ನ ಮೊಣಕೈ ತಿವಿದರು. “ಹೋಗಿ, ಹೋಗಿ. ನಿಮ್ಮನ್ನೇ ಕರೀತಾವ್ರೆ. ಸುಮ್ನೆ ಕೂತ್ರೆ ಹಿಂದ್ಲೋರು ನುಗ್ಗುತ್ತಾರೆ.”

ಎದ್ದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಕಿಟಕಿಗೆ ಹೋಗಿ ಕಂಬಿ ಹಿಡಿದು ನಿಂತೆ. ಹುಡುಗಿ ತಲೆಯೆತ್ತಿ, “ಏನ್ ಮಿಸ್, ನೀವಿಲ್ಲಿ?” ಅಂದಳು. ನನ್ನ ಹತ್ತಿರ ಕೇಳಲು ಏನೂ ಇರಲಿಲ್ಲ. ಕೆಲಸ ಇರುವವಳ ಹಾಗೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಹಿಂದಿನಿಂದ ಅವರು ನೋಡುತ್ತಿರುತ್ತಾರೆ ಅಂತ.

ತಿರುಗಿ ನೋಡಿದಾಗ ಅವರು ನಾನು ಕೂತಿದ್ದ ಜಾಗಕ್ಕೆ ಸರಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಕಿಟಕಿಗೆ ಒಬ್ಬರಷ್ಟು ಹತ್ತಿರವಾಗಿ.